ಮುಂಬಯಿಯಲ್ಲಿ ನನ್ನ ಕಾಲ್ಗುಣ

ಮುಂಬಯಿಗೆ ಹೋಗಿ ಬಂದವನನ್ನು ನಮ್ಮ ಕಾರ್ಕಳದಲ್ಲಿ ಸುಮ್ಮನೆ ಬಿಡುವುದಿಲ್ಲ. ಪೇಟೆಯ ನಡುವೆ ನಿಲ್ಲಿಸಿ ಕೇಳುತ್ತಾರೆ. ಗೇಟ್‌ವೇ ನೋಡಿದಿರಾ? ಚೌಪಾಟಿಗೆ ಹೋಗಿದ್ದಿರಾ? ಮಹಾಲಕ್ಷ್ಮಿಯ ದರ್ಶನ ಆಯಿತಾ? ಸಿನಿಮಾದವರು ಯಾರಾದರೂ ಕಣ್ಣಿಗೆ ಬಿದ್ದರಾ? ಎಲ್ಲದಕ್ಕೂ ನನ್ನ ಉತ್ತರ ಇಲ್ಲ ಎಂದೇ. ಹದಿನೇಳು ದಿನ ಆ ಊರಲ್ಲಿದ್ದು ನಾನು ಕಣ್ತುಂಬ ನೋಡಿದ್ದು ಒಂದನ್ನೇ. ಹತ್ತಡಿ ಎತ್ತರದಲ್ಲಿ ಹಲಗೆಗೆ ಬಿಗಿದ ಒಂದು ಕಬ್ಬಿಣದ ಬಳೆ, ಅದಕ್ಕೆ ಜೋತುಬಿದ್ದ ತಳವಿಲ್ಲದ ಒಂದು ಜಾಳಿಗೆ. ಹೀಗೆಂದರೆ ಜನ ನನ್ನ ಮುಖವನ್ನೊಮ್ಮೆ ನೋಡಿ ಮುಂದೆ ಹೋಗುತ್ತಾರೆ. ಒಬ್ಬೊಬ್ಬರಿಗೂ ವಿವರಿಸಿ ಸಾಕಾಗಿದೆ, ಬರೆದೇ ಬಿಡುತ್ತೇನೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಪಾಸ್‌ಪೋರ್ಟು ಬೇಕಾಗುವ ಪರದೇಶಕ್ಕೆ ಹೋಗುವ ಯೋಗ ನನಗಿಲ್ಲ. ಮುಂಬಯಿಯೇ ನನ್ನ ವಿಲಾಯತಿ. ದಸರಾ ರಜೆಯಲ್ಲಿ ನಾಲ್ಕು ದಿನಕ್ಕೆಂದು ಹೊರಟೆ. ತಂದೆ ಇಲ್ಲದ ಮನೆ ನಮ್ಮದು, ತಂಗಿ ಸುಮತಿಯ ಮದುವೆ ನನ್ನ ತಲೆಯ ಮೇಲಿತ್ತು. ಅವಳಿಗೆ ಇಪ್ಪತ್ತಾರು ತುಂಬಿತ್ತು, ಊರ ಅಂಚೆ ಕಚೇರಿಯಲ್ಲಿ ಗುಮಾಸ್ತೆ. ವಿಲೆ ಪಾರ್ಲೆಯಲ್ಲಿ ಹೊಟೇಲು ಇಟ್ಟಿರುವ ಅನಂತ ರಾಯರ ಮಗ ಮೋಹನನ ಜಾತಕ ಅವಳ ಜಾತಕಕ್ಕೆ ಚೆನ್ನಾಗಿ ಕೂಡಿ ಬಂದಿತ್ತು. "ನೀವೊಮ್ಮೆ ಬಂದು ಹೋಗಿ, ಎದುರೆದುರು ಕೂತು ಮಾತು ಮುಗಿಸುವಾ" ಎಂದು ರಾಯರೇ ಕಾಗದ ಬರೆದಿದ್ದರು. ಕೂತದ್ದು ನಿಜ. ಎದುರೆದುರು ಅಲ್ಲ, ಅಕ್ಕಪಕ್ಕ, ಮತ್ತು ಆ ಬಳೆಯ ಎದುರಿಗೆ.

ಸಾಯನ್

ಬೆಳಿಗ್ಗೆ ಮುಟ್ಟಬೇಕಾದ ಬಸ್ಸು ಘಟ್ಟದಲ್ಲಿ ಎರಡು ಸಲ ಕೆಟ್ಟು ನಿಂತು ಸಂಜೆ ನಾಲ್ಕೂವರೆಗೆ ಸಾಯನ್ನಿನಲ್ಲಿ ನನ್ನನ್ನು ಇಳಿಸಿತು. ಕೈಯಲ್ಲಿ ಒಂದು ಕಬ್ಬಿಣದ ಟ್ರಂಕು, ಬಗಲಲ್ಲಿ ಅಮ್ಮ ಬೀಗರ ಮನೆಗೆಂದು ಕೊಟ್ಟ ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿ. ಎರಡು ದಿನದಿಂದ ಸ್ನಾನವಿಲ್ಲ. ರಾಯರು ಸ್ವತಃ ಟ್ಯಾಕ್ಸಿ ಮಾಡಿಕೊಂಡು ಬಂದು ಕಾಯುತ್ತಿದ್ದರು. ಅರವತ್ತರ ಹತ್ತಿರದ ಮನುಷ್ಯ, ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಕಡುನೀಲಿ ಬಣ್ಣದ ಒಂದು ಶಾಲು. ಹೆಣ್ಣಿನ ಕಡೆಯವನನ್ನು ಎದುರುಗೊಳ್ಳಲು ಗಂಡಿನ ತಂದೆ ಇಷ್ಟು ಹೊತ್ತು ಕಾದಿದ್ದಾರಲ್ಲ ಎಂದು ನನ್ನ ಕಣ್ಣು ಒದ್ದೆಯಾಯಿತು. ಅದು ಒಣಗಲು ಐದು ನಿಮಿಷ ಸಾಕಾಯಿತು.

"ಬನ್ನಿ ಮಾಷ್ಟ್ರೇ, ಬೇಗ ಬನ್ನಿ. ಆಟ ಶುರುವಾಗಿ ಆಯ್ತು" ಎಂದರು.

"ಯಾವ ಆಟ?"

"ಎಂತ, ಬಾಸ್ಕೆಟ್‌ಬಾಲ್ ಮಾರಾಯ್ರೇ! ನಮ್ಮದು ಈಗಾಗಲೇ ಎರಡು ಮ್ಯಾಚ್ ಹೋಗಿದೆ. ಇದೂ ಹೋದ್ರೆ ಈ ವರ್ಷದ ಕತೆ ಮುಗೀತು."

"ರಾಯರೇ, ಮೊದಲು ಮನೆಗೆ ಹೋಗಿ ಸ್ನಾನ ಮಾಡಿ..."

"ಸ್ನಾನ ಎಲ್ಲಿಗೆ ಓಡಿ ಹೋಗ್ತದೆ?"

ಟ್ಯಾಕ್ಸಿ ಸಾಂತಾಕ್ರೂಜಿನ ಒಂದು ಮೈದಾನದ ಮುಂದೆ ನಿಂತಿತು. 'ನಮ್ಮದು' ಎಂದರೆ ಯಾವುದೆಂದು ದಾರಿಯಲ್ಲಿ ತಿಳಿಯಿತು. ಕಾಂದಿವಲಿಯ ಒಂದು ಬಣ್ಣದ ಕಾರ್ಖಾನೆಯ ತಂಡ. ಆಟಗಾರರು ಹೆಸರಿಗೆ ಕಾರ್ಖಾನೆಯ ಗುಮಾಸ್ತರು, ಸಂಬಳ ಮಾತ್ರ ಚೆಂಡು ಹಾಕುವುದಕ್ಕೆ. ಏಳು ವರ್ಷದ ಹಿಂದೆ ಅವರು ಯಾವುದೋ ಪಂದ್ಯ ಗೆದ್ದು ರಾಯರ ಹೊಟೇಲಿಗೆ ನುಗ್ಗಿ, ಹಿಟ್ಟು ಖಾಲಿಯಾಗುವ ತನಕ ದೋಸೆ ತಿಂದು, ಹೋಗುವಾಗ ಅಡುಗೆಯವರನ್ನೂ ರಾಯರನ್ನೂ ಹೆಗಲ ಮೇಲೆ ಎತ್ತಿ ಕುಣಿಸಿದರಂತೆ. ಆವತ್ತು ಮೇಲೇರಿದ ರಾಯರು ಇನ್ನೂ ಕೆಳಗೆ ಇಳಿದಿಲ್ಲ.

ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಳೆಯ ಕಂಬದ ಪಕ್ಕ ಒಂದು ಚೂರು ಸಿಮೆಂಟು ನೆಲ ಸಿಕ್ಕಿತು. ಅಲ್ಲಿ ಟ್ರಂಕು ಇಟ್ಟು ಅದರ ಮೇಲೆ ಕೂತೆ, ಭರಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ನಮ್ಮವರು ಹದಿನಾರು ಅಂಕ ಹಿಂದಿದ್ದಾರೆ ಎಂದು ರಾಯರು ತಲೆಗೆ ಕೈಹೊತ್ತರು. ನಾನು ಕೂತ ಮರುಗಳಿಗೆಯಲ್ಲಿ ಆರೂವರೆ ಅಡಿಯ ಒಬ್ಬ ಸರದಾರ, ಬಲಬೀರ ಎಂದು ಅವನ ಹೆಸರು, ನಮ್ಮ ತಲೆಯ ಮೇಲೆಯೇ ಹಾರಿ ಚೆಂಡನ್ನು ಬಳೆಯೊಳಗೆ ತುರುಕಿದ. ಮತ್ತೊಂದು ಹಾಕಿದ. ಮತ್ತೂ ಒಂದು. ನಾಲ್ಕನೆಯದಕ್ಕೆ ಹಿಂದಿನವರು ನೂಕಿದ ರಭಸಕ್ಕೆ ಭರಣಿಯ ಬಾಯಿ ಬಿಚ್ಚಿ ಉಪ್ಪಿನಕಾಯಿಯ ರಸ ನನ್ನ ಅಂಗಿಯ ಎದೆಯಿಂದ ಹೊಟ್ಟೆಯವರೆಗೆ ಇಳಿಯಿತು. ನಮ್ಮವರು ಗೆದ್ದರು.

ಜನ ಕುಣಿಯುತ್ತಿದ್ದರೆ ರಾಯರು ಕುಣಿಯಲಿಲ್ಲ. ನನ್ನನ್ನೇ ನೋಡುತ್ತಿದ್ದರು. ನನ್ನ ಮುಖ, ಅಂಗಿಯ ಮೇಲಿನ ಕೆಂಪು ಕಲೆ, ಟ್ರಂಕು, ಕೊನೆಗೆ ಚಪ್ಪಲಿಯೊಳಗಿನ ನನ್ನ ಪಾದ.

"ಮಾಷ್ಟ್ರೇ, ಇದು ನಿಮ್ಮ ಕಾಲ್ಗುಣ" ಎಂದರು.

ಅಷ್ಟು ಹೊತ್ತಿಗೆ ನನಗೆ ಹಸಿವಾಗಿತ್ತು, ಆಯಿತು ಎಂದುಬಿಟ್ಟೆ. ಆ ಒಂದು ಆಯಿತಿಗೆ ಹದಿನೇಳು ದಿನ ಬೆಲೆ ತೆತ್ತೆ.

ವಿಲೆ ಪಾರ್ಲೆ

ರಾಯರ ಮನೆ ಹೊಟೇಲಿನ ಮೇಲೆಯೇ, ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ. ಎರಡು ಕೋಣೆ, ಒಂದು ಗ್ಯಾಲರಿ. ಬೆಳಿಗ್ಗೆ ಐದಕ್ಕೆ ಕೆಳಗಿನಿಂದ ಇಡ್ಲಿಯ ಹಬೆ ಮೇಲೆ ಬರುತ್ತದೆ, ಆಮೇಲೆ ಸಾಂಬಾರಿನ ವಾಸನೆ, ಆಮೇಲೆ ನೆತ್ತಿಯ ಮೇಲೆ ವಿಮಾನ. ವಿಮಾನ ಹೋಗುವಾಗ ಮನೆಯವರೆಲ್ಲ ಮಾತು ನಿಲ್ಲಿಸುತ್ತಾರೆ, ಹೋದ ಮೇಲೆ ನಿಲ್ಲಿಸಿದ ಅಕ್ಷರದಿಂದಲೇ ಮುಂದುವರಿಸುತ್ತಾರೆ. ಇದನ್ನು ಯಾರೂ ವಿಚಿತ್ರ ಎಂದು ತಿಳಿದಿಲ್ಲ. ನಮ್ಮಲ್ಲಿ ಒಂದು ವಿಮಾನ ಹೋದರೆ ಇಡೀ ಶಾಲೆ ಅಂಗಳಕ್ಕೆ ಬರುತ್ತದೆ.

ರಾಯರ ಹೆಂಡತಿ ಪದ್ದಮ್ಮ ತುಂಬಾ ಒಳ್ಳೆಯವರು. ಬಂದ ಮರುದಿನ ನನ್ನ ಬಟ್ಟೆಗಳನ್ನೆಲ್ಲ ಒಗೆಯಲಿಕ್ಕೆ ಕೊಡಿ ಎಂದರು. ಉಪ್ಪಿನಕಾಯಿಯ ಅಂಗಿಯನ್ನು ಬಕೆಟ್ಟಿಗೆ ಹಾಕುವಷ್ಟರಲ್ಲಿ ರಾಯರು ಓಡಿ ಬಂದರು.

"ಅದನ್ನು ಮುಟ್ಬೇಡ! ನೀರು ತಾಗಿದ್ರೆ ಮುಗೀತು."

"ಇದೊಳ್ಳೆ ಗ್ರಹಚಾರ. ಪಾಪ, ಅವರು ನಾರುವ ಅಂಗಿ ಹಾಕಿಕೊಂಡು ತಿರುಗ್ಬೇಕಾ?"

"ಮ್ಯಾಚಿನ ದಿನ ಮಾತ್ರ."

ನನಗೆ ಸಿಟ್ಟು ನೆತ್ತಿಗೇರಿತು, ನುಂಗಿಕೊಂಡೆ. ಹೆಣ್ಣಿನ ಅಣ್ಣನಾಗಿ ಗಂಡಿನ ಮನೆಯಲ್ಲಿ ಉಂಡವರಿಗೆ ಗೊತ್ತು, ನುಂಗುವುದು ಊಟದಲ್ಲೇ ಸೇರಿದೆ. ನಾವಾಗಿ ಮದುವೆಯ ಮಾತು ಎತ್ತುವ ಹಾಗಿಲ್ಲ, ಎತ್ತಿದರೆ ಹುಡುಗಿಯನ್ನು ದಾಟಿಸುವ ಅವಸರ ಎಂದಾಗುತ್ತದೆ. ಅವರು ಎತ್ತಬೇಕು. ರಾಯರು ಎತ್ತುತ್ತಿದ್ದುದು ಒಂದೇ ವಿಷಯ. ಎರಡನೆಯ ದಿನ ನಾನು ನಾಚಿಕೆ ಬಿಟ್ಟು, "ಬಂದ ಕೆಲಸ..." ಎಂದೆ. "ಭಾನುವಾರದ ಮ್ಯಾಚ್ ಒಂದು ಆಗ್ಲಿ" ಎಂದರು. ಭಾನುವಾರ ಟ್ರಂಕು ಹೊತ್ತುಕೊಂಡು ಹೋದೆವು. ಹೌದು, ಟ್ರಂಕು ಸಹ. ಮೊದಲ ದಿನ ನಾನು ಕೂತದ್ದು ಟ್ರಂಕಿನ ಮೇಲೆ, ಆದ್ದರಿಂದ ಕುರ್ಚಿಯ ಮೇಲೆ ಕೂರುವಂತಿಲ್ಲ. ನಮ್ಮವರು ಗೆದ್ದರು. "ಬುಧವಾರದ್ದು ಒಂದು ಆಗ್ಲಿ" ಎಂದರು. ಬುಧವಾರವೂ ಗೆದ್ದರು.

ಮುಂಬಯಿಯ ಲೋಕಲ್ ರೈಲಿನಲ್ಲಿ ಟ್ರಂಕು ಹಿಡಿದು ಹತ್ತುವುದು ಹೇಗೆಂದು ನನ್ನನ್ನು ಕೇಳಿ. ಹತ್ತುವುದೇ ಬೇಡ, ಸುಮ್ಮನೆ ನಿಂತರೆ ಸಾಕು, ಜನ ಹತ್ತಿಸುತ್ತಾರೆ. ಒಳಗೆ ಮೂವರು ಕೂರುವ ಬೆಂಚಿನ ತುದಿಗೆ ನಾಲ್ಕನೆಯವನೊಬ್ಬ ಬಂದು ಮೂರನೆಯವನ ತೊಡೆಯನ್ನು ಬೆರಳಿನಿಂದ ತಟ್ಟುತ್ತಾನೆ. ಆತ ಮುಖ ನೋಡದೆ ನಾಲ್ಕು ಅಂಗುಲ ಸರಿಯುತ್ತಾನೆ. ಮಾತಿಲ್ಲ, ಉಪಚಾರವಿಲ್ಲ, ಯಾವ ಊರು, ಯಾರ ಪೈಕಿ ಎಂಬ ವಿಚಾರಣೆಯಿಲ್ಲ. ಪ್ರತಿ ಸ್ಟೇಷನ್ನಿನ ಮೊದಲು ಹಿಂದಿನವರು "ಉತರ್ನಾ ಹೈ ಕ್ಯಾ?", ಇಳಿಯುವುದಿದೆಯಾ ಎಂದು ಬೆನ್ನಿಗೆ ಕೇಳುತ್ತಾರೆ. ನಮ್ಮಲ್ಲಿ ಬಂದವರನ್ನು ಯಾವಾಗ ಹೊರಡುತ್ತೀರಿ ಎಂದು ಕೇಳುವುದು ಅವಮಾನ. ಇಲ್ಲಿ ಹತ್ತಿದ ಕೂಡಲೇ ಕೇಳುತ್ತಾರೆ. ಆದರೂ ನನ್ನ ಅಂಗಿಯ ಕಾರಣದಿಂದ ಒಂದು ಅನುಕೂಲವಾಯಿತೆಂದು ಒಪ್ಪುತ್ತೇನೆ. ಎಂಥ ಗರ್ದಿಯಲ್ಲೂ ನನ್ನ ಸುತ್ತ ಒಂದು ಗೇಣು ಜಾಗ ಖಾಲಿ ಇರುತ್ತಿತ್ತು.

ಬುಧವಾರದ ಗೆಲುವಿನ ಮೇಲೆ ರಾಯರು ಹೊಟೇಲಿನಲ್ಲಿ ಎಲ್ಲರಿಗೂ ಶೀರಾ ಹಂಚಿದರು. ಗೆದ್ದ ದಿನ ಶೀರಾ, ಅದು ಅವರ ಪದ್ಧತಿ. ಬಂದವರಿಗೆಲ್ಲ ನನ್ನನ್ನು ಕೈತೋರಿಸಿ, "ಇವರೇ ಆ ಮಾಷ್ಟ್ರು" ಎನ್ನುತ್ತಿದ್ದರು. ಗಿರಾಕಿಗಳು ಮೊದಲು ನನ್ನ ಕಾಲು ನೋಡಿ ಆಮೇಲೆ ಮುಖ ನೋಡುತ್ತಿದ್ದರು. ಕೊನೆಗೆ ರಾಯರು ನನ್ನ ಬೆನ್ನು ತಟ್ಟಿ ಹೇಳಿದರು:

"ಅಣ್ಣನ ಕಾಲೇ ಹೀಗಾದ್ರೆ ತಂಗಿಯದ್ದು ಹೇಗಿರ್ಬೇಡ! ಫೈನಲ್ ಒಂದು ಬರ್ಲಿ ಮಾಷ್ಟ್ರೇ. ಗೆದ್ದರೆ ಅಲ್ಲೇ ಮಾತು ಮುಗಿಸುವಾ."

ಶೀರಾದ ಬಟ್ಟಲನ್ನು ಕೆಳಗಿಟ್ಟೆ. ಹಾಗಾದರೆ ಸೋತರೆ?

ಇದನ್ನು ಓದುವವರಿಗೆ ಒಂದು ವಿಷಯ ಗೊತ್ತಿರಬೇಕು. ನಾಲ್ಕು ವರ್ಷದ ಹಿಂದೆ ಸುಮತಿಗೆ ಒಂದು ಸಂಬಂಧ ಕೂಡಿ ನಿಶ್ಚಿತಾರ್ಥವೂ ಆಗಿತ್ತು. ಮೂರನೆಯ ದಿನ ಹುಡುಗನ ತಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅವರು ಜಾತಕ ಹಿಂದೆ ಕಳಿಸಿದರು. ಹುಡುಗಿಯ ಕಾಲ್ಗುಣ ನೆಟ್ಟಗಿಲ್ಲ ಎಂದು ಹೇಳಿ ಕಳಿಸಿದರು. ಅವರ ಬಚ್ಚಲಿನ ಪಾಚಿಗೆ ನಮ್ಮ ಸುಮತಿ ಹೊಣೆ! ಅವಳು ಅಳಲಿಲ್ಲ, ಮರುದಿನ ಎಂದಿನಂತೆ ಕಚೇರಿಗೆ ಹೋದಳು. ಆದರೆ ಆಮೇಲೆ ಎಷ್ಟೋ ಕಾಲ ತನ್ನ ಪಾದಗಳನ್ನೇ ನೋಡಿಕೊಂಡು ನಡೆಯುತ್ತಿದ್ದಳು. ನಾನು ಮುಂಬಯಿಗೆ ಹೊರಡುವಾಗಲೂ ಹಾಗೆಯೇ ನಡೆಯುತ್ತಿದ್ದಳು. ನಾನು ಅದನ್ನು ದಿನಾ ನೋಡುತ್ತಿದ್ದವನು. ಅಂಥವಳ ಬದುಕನ್ನು ಈ ಮಹಾನುಭಾವರು ಆ ಕಬ್ಬಿಣದ ಬಳೆಗೆ ನೇತುಹಾಕಿದ್ದರು.

ಕಾಂದಿವಲಿ, ಮನಸ್ಸಿಲ್ಲದೆ

ಹತ್ತನೆಯ ದಿನ ನಾನು ಓಡಿ ಹೋಗುವುದೆಂದು ನಿರ್ಧರಿಸಿದೆ. ಮದುವೆಯೂ ಬೇಡ, ಕಾಲ್ಗುಣವೂ ಬೇಡ. ಶಾಲೆ ತೆರೆದಾಗಿತ್ತು, ರಜೆ ಬೇಕೆಂದು ಹೆಡ್‌ಮಾಸ್ಟರಿಗೆ ತಂತಿ ಕಳಿಸಿದ್ದೆ, ಕಾರಣ ಏನೆಂದು ಬರೆಯಲಿ? ಮಧ್ಯಾಹ್ನ ರಾಯರು ಮೊದಲೇ ಮೈದಾನಕ್ಕೆ ಹೋಗಿದ್ದರು. ಮೋಹನ ನನ್ನನ್ನು ಆಮೇಲೆ ಕರೆತರುವುದೆಂದು ಏರ್ಪಾಟು. ಪದ್ದಮ್ಮ ಮಲಗಿದ್ದರು. ಉಳಿದ ಅಂಗಿಗಳೆಲ್ಲ ಗ್ಯಾಲರಿಯಲ್ಲಿ ಒದ್ದೆಯಾಗಿ ತೂಗುತ್ತಿದ್ದುದರಿಂದ ಉಪ್ಪಿನಕಾಯಿಯದನ್ನೇ ತೊಟ್ಟು, ಟ್ರಂಕು ಎತ್ತಿಕೊಂಡು, ಒಂದು ಚೀಟಿ ಬರೆದಿಟ್ಟು ಸ್ಟೇಷನ್ನಿಗೆ ನಡೆದೆ. ದಾದರಿಗೆ ಹೋಗಿ ಅಲ್ಲಿಂದ ಸಾಯನ್, ಸಾಯನ್ನಿನಿಂದ ಬಸ್ಸು.

ನಮ್ಮೂರ ಬಸ್ಸು ಎತ್ತ ಮುಖ ಮಾಡಿ ನಿಂತಿದೆಯೋ ಅತ್ತ ಹೋಗುತ್ತದೆ. ಇಲ್ಲಿನ ರೈಲಿಗೆ ಎರಡೂ ತುದಿಯಲ್ಲಿ ಮುಖ. ಬಂದ ರೈಲಿಗೆ ಜನ ನನ್ನನ್ನು ಹತ್ತಿಸಿದರು. ಮೂರನೆಯ ಸ್ಟೇಷನ್ನು ಗೋರೆಗಾಂವ್ ಎಂದು ಬೋರ್ಡು ಕಂಡಾಗ ನಾನು ತೆಂಕಕ್ಕಲ್ಲ, ಬಡಗಕ್ಕೆ ಹೋಗುತ್ತಿದ್ದೇನೆಂದು ತಿಳಿಯಿತು. ಇಳಿಯಲು ನೋಡಿದೆ, ಆಗಲಿಲ್ಲ. ಮಲಾಡಿನಲ್ಲೂ ಆಗಲಿಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಬಾಗಿಲ ಬಳಿಯಿದ್ದವರೆಲ್ಲ ಒಟ್ಟಿಗೆ ಇಳಿಯುವವರಾದ್ದರಿಂದ ನನ್ನನ್ನೂ ಟ್ರಂಕನ್ನೂ ಎತ್ತಿ ಪ್ಲಾಟ್‌ಫಾರಮಿನ ಮೇಲೆ ಇಟ್ಟರು. ತಲೆಯೆತ್ತಿ ನೋಡಿದರೆ ಕಾಂದಿವಲಿ.

ಅವತ್ತಿನ ಪಂದ್ಯ ಕಾರ್ಖಾನೆಯ ಸ್ವಂತ ಮೈದಾನದಲ್ಲಿ. ಅಂದರೆ ಕಾಂದಿವಲಿಯಲ್ಲಿ.

ಸ್ಟೇಷನ್ನಿನ ಹೊರಗೆ ಒಂದು ಸುಣ್ಣದ ಚೀಲವನ್ನು ಸೈಕಲ್ಲಿಗೆ ಕಟ್ಟುತ್ತಿದ್ದವನೊಬ್ಬ ಕನ್ನಡದಲ್ಲಿ ಬೈದುಕೊಳ್ಳುತ್ತಿದ್ದ. ಪರದೇಶದಲ್ಲಿ ನಮ್ಮ ಭಾಷೆಯ ಬೈಗುಳ ಕೇಳಿದರೆ ಎಷ್ಟು ಸಂತೋಷವಾಗುತ್ತದೆಂದು ಅವತ್ತು ಗೊತ್ತಾಯಿತು. ದಾದರಿಗೆ ಯಾವ ರೈಲು ಎಂದು ಕೇಳಿದೆ.

"ಯಾಕ್ರೀ ಸರ, ಹಾದಿ ತಪ್ಪೀರೇನು?" ಎಂದವನು ನನ್ನ ಅಂಗಿ ನೋಡಿದ, ಟ್ರಂಕು ನೋಡಿದ, ಕಣ್ಣರಳಿಸಿದ. "ಅಯ್ಯ! ನೀವು ಆ ಮಾಸ್ತರ ಅಲ್ರೀ? ನಾ ಮಲ್ಲಪ್ಪ ರೀ, ಬಿಜಾಪುರ ಕಡ್ಯಾಂವ. ಕಾರ್ಖಾನಿ ಮೈದಾನದಾಗ ಪಟ್ಟಿ ಬಳಿಯಾಂವ ನಾನ. ನಡೀರಿ, ನಡೀರಿ, ಆಟ ಚಾಲೂ ಆಗೇತಿ."

"ನನಗೆ ಆಟ ಬೇಡಪ್ಪ, ನಾನು ಊರಿಗೆ ಹೋಗಬೇಕು."

"ಊರಿಗೆ ಹೋಗಾಕ ಎಲ್ಲಾರಿಗೂ ಆಸೆ ಐತ್ರೀ" ಎಂದು ನನ್ನ ಟ್ರಂಕನ್ನು ಸೈಕಲ್ಲಿನ ಮೇಲೆ ಇಟ್ಟೇಬಿಟ್ಟ. ಟ್ರಂಕಿನ ಹಿಂದೆ ನಾನೂ ಹೋಗಬೇಕಾಯಿತು.

ದಾರಿಯಲ್ಲಿ ಅವನೇ ನಿಜ ಸಂಗತಿ ಹೇಳಿದ. "ಕಾಲ್ಗುಣ ಅಲ್ರೀ ಸರ. ಬಲಬೀರನ ಮೊಣಕಾಲು ಬಾತಿತ್ತು. ಅದಕ್ಕ ಮೊದಲಿನ ಎರಡೂ ಮ್ಯಾಚಿನಾಗ ಕುಂತಿದ್ದ. ನೀವು ಬಂದ ದಿವಸನ ಅಂವ ಮತ್ತ ಆಡಾಕ ಇಳದ. ಅದಕ್ಕ ಗೆಲ್ಲಾಕ ಹತ್ಯಾರ. ರಾಯರಿಗೆ ಹೇಳಿದ್ರ ಅವರು ಕೇಳಂಗಿಲ್ಲ."

ಗಣಿತದವನಾದ ನನಗೆ ಇಷ್ಟು ಸುಲಭದ ಲೆಕ್ಕ ಹೊಳೆಯಲಿಲ್ಲವೆಂದು ನಾಚಿಕೆಯಾಯಿತು. ಮೈದಾನಕ್ಕೆ ಕಾಲಿಟ್ಟಾಗ ನಮ್ಮವರು ಐದು ಅಂಕ ಹಿಂದಿದ್ದರು. ರಾಯರು ನನ್ನನ್ನು ಕಂಡು ಓಡಿ ಬಂದು ಅಷ್ಟು ಜನರ ಎದುರು ತಬ್ಬಿಕೊಂಡರು. ಆ ಅಂಗಿಯನ್ನು ತಬ್ಬಲು ಪ್ರೀತಿ ಸಾಕಾಗುವುದಿಲ್ಲ, ಭಕ್ತಿ ಬೇಕು. ಟ್ರಂಕಿನ ಮೇಲೆ ಕೂರಿಸಿದರು. ಗೆದ್ದೆವು. ನಾನು ಓಡಿಹೋಗಲು ಹೊರಟಿದ್ದೆ ಎಂದು ಅವರಿಗೆ ಹೊಳೆಯಲೇ ಇಲ್ಲ. ಒಬ್ಬನೇ, ಯಾರೂ ಕರೆಯದೆ, ದಾರಿ ಗೊತ್ತಿಲ್ಲದೆ, ನೇರವಾಗಿ ಮೈದಾನಕ್ಕೆ ಬಂದೆನಲ್ಲ ಎಂಬುದೇ ಅವರಿಗೆ ದೊಡ್ಡ ಸಾಕ್ಷಿಯಾಯಿತು. ಬಲಬೀರನ ಮೊಣಕಾಲಿನ ವಿಷಯ ಹೇಳಿದೆ. ರಾಯರು ಕ್ಷಣ ಯೋಚಿಸಿ ಕೇಳಿದರು: "ಸರಿ. ನೀವು ಬರುವ ದಿನವೇ ಅದು ಯಾಕೆ ಗುಣ ಆಯ್ತು?"

ನಾನು ಟ್ರಂಕು ಎತ್ತಿಕೊಂಡೆ.

ರೈಲಿನಲ್ಲಿ ಮನೆಗೆ ಹಿಂತಿರುಗುವಾಗ ಮೋಹನ ನನ್ನ ಪಕ್ಕ ಬಂದು ನಿಂತ. ಅವನ ಕೈಯಲ್ಲಿ ನನ್ನ ಚೀಟಿಯಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ, ಅಪ್ಪನ ಮುಂದೆ ಬಾಯಿ ಬಿಡದ ಹುಡುಗ. ಹತ್ತು ದಿನದಲ್ಲಿ ನನ್ನೊಡನೆ ಹತ್ತು ಮಾತು ಆಡಿರಲಿಲ್ಲ.

"ಪಪ್ಪನಿಗೆ ಕೊಟ್ಟಿಲ್ಲ" ಎಂದು ಚೀಟಿಯನ್ನು ನನ್ನ ಜೇಬಿಗೆ ಹಾಕಿದ. "ಮಾಷ್ಟರ್, ನನ್ನ ಕನ್ನಡ ಥೋಡಾ ಗಡ್‌ಬಡ್ ಉಂಟು. ಒಂದು ಕೇಳ್ಲಾ? ಫೋಟೋ ನಾವೆಲ್ಲ ನೋಡಿದ್ದು. ಅವರಿಗೆ ಯಾರಾದ್ರೂ ಪೂಛಾ ಕ್ಯಾ? ಅವರಿಗೆ ಬೊಂಬಾಯಿ ಓಕೆಯಾ? ನಾನು... ಚಲೇಗಾ?"

ನಾಲ್ಕು ವರ್ಷದಲ್ಲಿ ಎಷ್ಟೋ ಮನೆಗಳಿಗೆ ಹೋಗಿದ್ದೇನೆ, ಎಷ್ಟೋ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದೇನೆ. ಹುಡುಗಿಗೆ ನಾನು ಒಪ್ಪಿಗೆಯಾ ಎಂಬ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಸುಮತಿ ಅವನ ಫೋಟೋವನ್ನು ಎರಡು ಸಲ ನೋಡಿದ್ದನ್ನು, ಎರಡನೆಯ ಸಲ ಯಾರೂ ಇಲ್ಲವೆಂದು ತಿಳಿದು ನೋಡಿದ್ದನ್ನು ನಾನು ಕಂಡಿದ್ದೆ. ಅದನ್ನು ಅವನಿಗೆ ಹೇಳಿದೆ. ರೈಲಿನ ಬಾಗಿಲಲ್ಲಿ ನೇತಾಡುತ್ತಿದ್ದ ಹುಡುಗ ಕೈ ಬಿಟ್ಟು ಬೀಳುವಷ್ಟು ನಕ್ಕ. ಆ ನಗು ನೋಡಿ ನಾನು ಉಳಿದೆ.

ಸಾಂತಾಕ್ರೂಜ್, ಕೊನೆಯ ಆಟ

ಸೆಮಿಫೈನಲ್ಲನ್ನೂ ಗೆದ್ದರು. ಫೈನಲ್ಲು ಹದಿನಾರನೆಯ ದಿನ, ಮೊದಲು ನಾನು ಟ್ರಂಕು ಇಳಿಸಿದ ಅದೇ ಸಾಂತಾಕ್ರೂಜಿನ ಮೈದಾನದಲ್ಲಿ. ಹೊರಡುವಾಗ ಪದ್ದಮ್ಮ ನನ್ನ ಹಣೆಗೆ ಕುಂಕುಮ ಇಟ್ಟು, "ನೀವು ಬೇಜಾರು ಮಾಡ್ಬೇಡಿ. ಸೋತರೆ ಇವರು ಒಂದು ವಾರ ಊಟ ಬಿಡ್ತಾರೆ. ಮದುವೆ ಮಾತು ಎತ್ತಲಿಕ್ಕೆ ನನಗೂ ಧೈರ್ಯ ಇಲ್ಲ" ಎಂದರು. ಅವರ ದನಿಯಲ್ಲಿ ಕರುಣೆಯಿತ್ತು. ಅದರಿಂದ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

ಆಟವನ್ನು ನಾನು ಸರಿಯಾಗಿ ವರ್ಣಿಸಲಾರೆ. ಎದುರಿನವರು ಯಾವುದೋ ಗಿರಣಿಯ ತಂಡ, ಬಲಬೀರನನ್ನು ಮೂವರು ಸುತ್ತುವರಿದು ನಿಂತರು. ಅಂಕ ಏರುತ್ತಿತ್ತು, ಇಳಿಯುತ್ತಿತ್ತು. ಕೊನೆಯ ಒಂದು ನಿಮಿಷ ಉಳಿದಾಗ ನಮ್ಮವರು ಒಂದು ಅಂಕ ಹಿಂದೆ. ರಾಯರು ಕಣ್ಣು ಮುಚ್ಚಿ ನನ್ನ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನನಗೆ ಚೆಂಡು ಕಾಣಿಸಲಿಲ್ಲ. ಅಂಚೆ ಕಚೇರಿಯಿಂದ ತಲೆ ತಗ್ಗಿಸಿ ಮನೆಗೆ ನಡೆದು ಬರುವ ಸುಮತಿ ಕಾಣಿಸಿದಳು. ಆಮೇಲೆ ಏನಾಯಿತೋ, ನಾನು ಟ್ರಂಕಿನ ಮೇಲೆ ಎದ್ದು ನಿಂತು ಗಂಟಲು ಹರಿಯುವಂತೆ "ಹಾಕೋ ಮಾರಾಯ, ಹಾಕೋ!" ಎಂದು ಕಿರುಚುತ್ತಿದ್ದೆ. ಮೂವತ್ತೆಂಟು ವರ್ಷದ ಗಣಿತ ಮಾಷ್ಟ್ರು. ಟ್ರಂಕಿನ ಮುಚ್ಚಳ ತಗ್ಗಿ ಹೋಯಿತು. ಬಲಬೀರ ಹಾಕಿದ. ಗೆದ್ದೆವು.

ನಾನು ಕುಣಿದೆ. ಸುಳ್ಳು ಹೇಳುವುದಿಲ್ಲ, ಕುಣಿದೆ. ಮುಂಬಯಿ ನನ್ನನ್ನು ಅಷ್ಟು ಕೆಡಿಸಿತ್ತು.

ರಾಯರು ನನ್ನ ಎರಡೂ ಕೈ ಹಿಡಿದರು. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಸುತ್ತ ಹೊಟೇಲಿನವರು, ಕಾರ್ಖಾನೆಯವರು, ಮಲ್ಲಪ್ಪ, ಮೋಹನ. "ಎಲ್ಲರೂ ಕೇಳಿ!" ಎಂದು ಕೂಗಿದರು. "ಇವರ ತಂಗಿ ನಮ್ಮ ಮನೆಗೆ ಬರುವ ಸೊಸೆ. ಇಂಥ ಕಾಲ್ಗುಣದ ಮನೆಯ ಹುಡುಗಿ! ಇನ್ನು ನಮ್ಮ ತಂಡಕ್ಕೆ ಸೋಲು ಅಂತ ಇಲ್ಲ. ಮುಹೂರ್ತ ನೋಡುವಾ ಮಾಷ್ಟ್ರೇ!"

ಇದಕ್ಕಾಗಿಯೇ ನಾನು ಬಂದದ್ದು. ಹದಿನಾರು ದಿನ ಕಾದದ್ದು, ನಾರಿದ್ದು, ನುಂಗಿದ್ದು ಎಲ್ಲ ಈ ಒಂದು ಮಾತಿಗೆ. ನನ್ನ ಬಾಯಿಂದ ಬಂದ ಮಾತು ಕೇಳಿ ನನಗೇ ಆಶ್ಚರ್ಯವಾಯಿತು.

"ಬೇಡ ರಾಯರೇ. ಕೊಡುವುದಿಲ್ಲ."

ಒಂದು ವಿಮಾನ ಹೋಯಿತು. ಯಾರೂ ಮಾತಾಡುವ ಹಾಗಿರಲಿಲ್ಲ. ಅದು ಹೋದ ಮೇಲೆಯೂ ಮಾತಾಡಲಿಲ್ಲ.

"ಎಂತ ಹೇಳಿದ್ರಿ?"

"ಇವತ್ತು ಗೆದ್ದಿರಿ, ಆದ್ದರಿಂದ ಅವಳ ಕಾಲ್ಗುಣ ಒಳ್ಳೆಯದು. ಮುಂದಿನ ವರ್ಷ ಬಲಬೀರನ ಮೊಣಕಾಲು ಮತ್ತೆ ಬಾತರೆ? ಆ ಸೋಲು ಯಾರ ಕಾಲಿನ ಮೇಲೆ ಬೀಳ್ತದೆ? ನಿಮ್ಮ ದೋಸೆ ಹೊತ್ತಿಹೋದರೆ, ಹಂಡೆ ಒಡೆದರೆ, ನೀವು ಬಚ್ಚಲಲ್ಲಿ ಜಾರಿದರೆ? ನನ್ನ ತಂಗಿ ಒಮ್ಮೆ ಆ ಭಾರ ಹೊತ್ತಾಗಿದೆ. ಇನ್ನೊಮ್ಮೆ ಹೊರಿಸಲಾರೆ. ನಿಮಗೆ ಹುಡುಗಿ ಬೇಕಾದರೆ ಸೋತ ದಿನ ಬಂದು ಕೇಳಿ. ಆಗ ಕೊಡ್ತೇನೆ."

ಮೋಹನನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ರಾಯರು ನನ್ನ ಕೈ ಬಿಟ್ಟರು. ಅವತ್ತು ಹೊಟೇಲಿನಲ್ಲಿ ಶೀರಾ ಆಗಲಿಲ್ಲ.

ಮರುದಿನ ಬೆಳಿಗ್ಗೆ ಪದ್ದಮ್ಮ ನನ್ನ ಅಂಗಿಯನ್ನು ಒಗೆದು ಮಡಿಸಿ ಕೊಟ್ಟರು. ಕಲೆ ಹೋಗಿರಲಿಲ್ಲ. ರಾಯರು ಬಾಗಿಲಿಗೆ ಬರಲಿಲ್ಲ. ಸಾಯನ್ನಿನವರೆಗೆ ಮೋಹನ ಬಂದ. ನಾನು ಕ್ಷಮೆ ಕೇಳಬೇಕೆಂದಿದ್ದೆ, ಬಸ್ಸಿನ ಹಾರ್ನಿನಲ್ಲಿ ಆಗಲಿಲ್ಲ. ಅವನು ಕಿಟಕಿಯಿಂದ ನನ್ನ ಊರ ವಿಳಾಸ ಕೇಳಿ ಅಂಗೈ ಮೇಲೆ ಬರೆದುಕೊಂಡ. ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ಇಬ್ಬರು ಕೂತಿದ್ದರು. ನಾನು ಸುಮ್ಮನೆ ಒಬ್ಬರ ತೊಡೆ ತಟ್ಟಿದೆ. ಅವರು ಕುಂದಾಪುರದವರು, ನನ್ನನ್ನು ದುರುಗುಟ್ಟಿ ನೋಡಿದರು.

ಕಾರ್ಕಳ

ಅಮ್ಮನಿಗೆ ಸಂಬಂಧ ಹೊಂದಲಿಲ್ಲ ಎಂದಷ್ಟೇ ಹೇಳಿದೆ. ಸುಮತಿಗೆ ಎಲ್ಲವನ್ನೂ ಹೇಳಿದೆ, ಟ್ರಂಕು, ಅಂಗಿ, ಬಲಬೀರ, ಮೋಹನನ ಪ್ರಶ್ನೆ, ನಾನು ಬಿಟ್ಟು ಬಂದ ಮಾತು. ಕೂಡಿದ ಸಂಬಂಧವನ್ನು ಕೆಡಿಸಿ ಬಂದೆನೆಂದು ಬೈಯುತ್ತಾಳೆಂದುಕೊಂಡೆ.

"ಸರಿಯಾದ್ದೇ ಹೇಳಿದ್ದಿ ಅಣ್ಣ" ಎಂದಳು. ಆಮೇಲೆ ಕೇಳಿದಳು, "ಆ ತಂಡ ಯಾವಾಗಲೂ ಗೆಲ್ತದಾ?"

ಡಿಸೆಂಬರಿನಲ್ಲಿ ಮೋಹನನಿಂದ ಒಂದು ಕಾರ್ಡು ಬಂತು. ಕನ್ನಡ ಬರೆಯಲು ಬಾರದ ಹುಡುಗ ಇಂಗ್ಲಿಷಿನಲ್ಲಿ ಬರೆದಿದ್ದ: ಹೊಸ ಪಂದ್ಯಾವಳಿ ಶುರುವಾಗಿದೆ, ನಿನ್ನೆ ಗೆದ್ದರು, ಪಪ್ಪ ಶೀರಾ ಮಾಡಿಸಲಿಲ್ಲ. ವಾರದ ಮೇಲೆ ಇನ್ನೊಂದು: ಮತ್ತೆ ಗೆದ್ದರು, ಕ್ಷಮಿಸಿ. ಜನವರಿಯಲ್ಲಿ ಮೂರು ಕಾರ್ಡು. ಗೆದ್ದರು, ಗೆದ್ದರು, ಬಲಬೀರ ಒಬ್ಬನೇ ಮೂವತ್ತು ಅಂಕ ಹಾಕಿದ, ಏನು ಮಾಡಲಿ. ಕಾರ್ಡುಗಳೆಲ್ಲ ಸುಮತಿಯ ಕೈ ದಾಟಿಯೇ ಬರಬೇಕು. ಅವಳು ಮೇಜಿನ ಮೇಲೆ ಇಟ್ಟು ಒಳಗೆ ಹೋಗುತ್ತಿದ್ದಳು. ನಾನು ಮಾತ್ರ ಬೆಳಿಗ್ಗೆ ದೇವರ ಮುಂದೆ ನಿಂತು ಆರೂವರೆ ಅಡಿಯ ಒಬ್ಬ ನಿರಪರಾಧಿಯ ಮೊಣಕಾಲಿಗೆ ಕೆಡುಕು ಬಯಸುವವನಾದೆ. ಮೊಣಕಾಲು ಬೇಡ, ನೆಗಡಿಯಾದರೂ ಆಗಲಿ ಎಂದು ತಿದ್ದಿಕೊಳ್ಳುತ್ತಿದ್ದೆ.

ಫೆಬ್ರವರಿಯ ಒಂದು ಸಂಜೆ ಸುಮತಿ ಕಚೇರಿಯಿಂದ ಬೇಗ ಬಂದಳು. ಕೈಯಲ್ಲಿ ತಂತಿಯ ಲಕೋಟೆ. ಅದನ್ನು ನೋಡಿದ್ದೇ ತಡ, ಅಮ್ಮ ಯಾರು ಹೋದರೋ ಎಂದು ಜಗಲಿಯಲ್ಲೇ ಕುಸಿದು ಕೂತು ಅಳಲು ಶುರು ಮಾಡಿದರು. ನಾನು ಒಡೆದೆ. ಫೋನಿನಲ್ಲಿ ಕೇಳಿ ಫಾರಮಿನ ಮೇಲೆ ಬರೆದದ್ದು, ಸುಮತಿಯದೇ ಅಕ್ಷರ. ಇಂಗ್ಲಿಷಿನ ಎರಡು ಪದ, ಕೆಳಗೆ ಹೆಸರು. ಕನ್ನಡದಲ್ಲಿ ಹೇಳುವುದಾದರೆ:

ಸೋತೆವು. ಬರುತ್ತಿದ್ದೇವೆ. ಅನಂತ ರಾವ್.

ಅಮ್ಮ ಅಳುತ್ತಲೇ ಇದ್ದರು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೂ ಸರಿಯಾಗಿ ಗೊತ್ತಿಲ್ಲ. ಸುಮತಿ ಚಪ್ಪಲಿ ಬಿಟ್ಟು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಅಣ್ಣ, ಬೇರೆಯವರು ಸೋತದ್ದಕ್ಕೆ ಖುಷಿ ಪಡಬಾರ್ದು, ಅಲ್ವಾ?"

"ಪಡಬಾರದು" ಎಂದೆ.

ಅವಳು ತಲೆಯಾಡಿಸಿ ಒಳಗೆ ಹೊರಟಳು. ಎಷ್ಟೋ ವರ್ಷದ ಮೇಲೆ ಮೊದಲ ಸಲ ತಲೆ ಎತ್ತಿಕೊಂಡು ನಡೆದವಳು, ನಮ್ಮದೇ ಮನೆಯ ಹೊಸ್ತಿಲನ್ನು ಎಡವಿದಳು.